ಕಾಣದ್ದರ ಭಯ: ಸಣ್ಣ ತಂಡಗಳ ವಿಡಿಯೋ ಆಟಗಳು ಹೆದರಿಸುವುದು ಹೇಗೆ?

ಸಿನಿಮಾ ನೋಡುವಾಗ ಹೆದರಿಕೆಯಾದರೆ ಕಣ್ಣು ಮುಚ್ಚಿಕೊಳ್ಳಬಹುದು. ನಾವು ಕಣ್ಣು ಮುಚ್ಚಿದರೂ ನಾಯಕಿ ಮೆಟ್ಟಿಲು ಹತ್ತುತ್ತಾಳೆ, ಬಾಗಿಲು ತೆರೆಯುತ್ತಾಳೆ, ಕಿರುಚುತ್ತಾಳೆ. ಸಂಗೀತದ ಅಬ್ಬರ ಇಳಿದ ಮೇಲೆ ಬೆರಳುಗಳ ಸಂದಿಯಿಂದ ಇಣುಕಿದರಾಯಿತು. ವಿಡಿಯೋ ಆಟದಲ್ಲಿ ಈ ಉಪಾಯ ನಡೆಯುವುದಿಲ್ಲ. ನೀವು ಗುಂಡಿ ಒತ್ತದಿದ್ದರೆ ಮೆಟ್ಟಿಲು ಹತ್ತುವವರೇ ಇಲ್ಲ. ಬಾಗಿಲು ತೆರೆಯಬೇಕಾದ ಕೈ ನಿಮ್ಮದೇ. ಆಚೆ ಏನಿದೆಯೋ ಗೊತ್ತಿಲ್ಲ, ಆದರೂ ತೆರೆಯಲೇಬೇಕು.

ಟೆಲಿವಿಷನ್ ಕಾರ್ಯಕ್ರಮ ತಯಾರಿಸುವ ನನ್ನಂಥವರಿಗೆ ಈ ವ್ಯತ್ಯಾಸ ಕುತೂಹಲ ಹುಟ್ಟಿಸುವಂಥದು. ಪ್ರೇಕ್ಷಕ ಏನನ್ನು, ಎಷ್ಟು ಹೊತ್ತು, ಯಾವ ಕೋನದಿಂದ ನೋಡಬೇಕೆಂಬುದನ್ನು ನಾವೇ ನಿರ್ಧರಿಸಿಬಿಡುತ್ತೇವೆ. ಆಟ ತಯಾರಿಸುವವರಿಗೆ ಆ ಅಧಿಕಾರ ಪೂರ್ತಿಯಾಗಿ ಇಲ್ಲ. ಆದರೂ ಕಳೆದ ಹತ್ತು ವರ್ಷಗಳಲ್ಲಿ ಒಬ್ಬರು, ಇಬ್ಬರು ಅಥವಾ ಮೂರು ಜನ ಸೇರಿ ಮಾಡಿದ ಕೆಲವು ಆಟಗಳು, ನನ್ನ ಮಟ್ಟಿಗೆ, ದೊಡ್ಡ ಕಂಪೆನಿಗಳ ಆಟಗಳಿಗಿಂತ ಹೆಚ್ಚಾಗಿ ಹೆದರಿಸಿವೆ. ಇವನ್ನು ಚಿಕ್ಕದಾಗಿ 'ಇಂಡೀ' ಆಟಗಳೆನ್ನುತ್ತಾರೆ. ಅಂದರೆ ದೊಡ್ಡ ಸಂಸ್ಥೆಯ ಹಣದ ಹಂಗಿಲ್ಲದೆ ಸ್ವತಂತ್ರವಾಗಿ ತಯಾರಾದವು. ಜಾಹೀರಾತಿಗೆ ಹಣವಿಲ್ಲದ ಕಾರಣ ಇವುಗಳಲ್ಲಿ ಹಲವು ಹೆಚ್ಚು ಜನರ ಗಮನಕ್ಕೆ ಬರುವುದೇ ಇಲ್ಲ. ಅಂಥ ಕೆಲವನ್ನು ಮುಂದಿಟ್ಟುಕೊಂಡು, ಪರದೆಯ ಮೇಲಿನ ಬೆಳಕು ಮತ್ತು ಸದ್ದಿನಿಂದ ಭಯ ಹೇಗೆ ಹುಟ್ಟುತ್ತದೆ ಎಂದು ನೋಡೋಣ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಬೆಚ್ಚಿಬೀಳುವುದು ಬೇರೆ, ಹೆದರುವುದು ಬೇರೆ. ಹಿಂದಿನಿಂದ ಯಾರೋ ಬಂದು ಪಟಾಕಿ ಹೊಡೆದರೆ ಯಾರಾದರೂ ಬೆಚ್ಚುತ್ತಾರೆ. ಅದು ದೇಹದ ಪ್ರತಿವರ್ತನೆ. ಯೋಚನೆಗೆ ಅಲ್ಲಿ ಕೆಲಸವಿಲ್ಲ. ಪರದೆಯ ಮೇಲೆ ಇದ್ದಕ್ಕಿದ್ದಂತೆ ವಿಕಾರ ಮುಖವೊಂದು ಚೀರಿಕೊಂಡು ಬಂದರೂ ಅಷ್ಟೇ. ಆದರೆ ಅದೇ ಪಟಾಕಿ ಹತ್ತನೆಯ ಸಲ ಹೊಡೆದಾಗ ಬೆಚ್ಚುವುದು ಕಡಿಮೆಯಾಗುತ್ತದೆ. ನರಮಂಡಲ ಅದಕ್ಕೆ ಒಗ್ಗಿಕೊಳ್ಳುತ್ತದೆ. ಭಯದ ರೀತಿ ಹಾಗಲ್ಲ. ಅದು ನಿಧಾನವಾಗಿ ಏರುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಹೆಚ್ಚುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಅಂಗೈ ಬೆವರುತ್ತದೆ. ಇಷ್ಟೆಲ್ಲ ಆಗುವುದು ಏನೋ ನಡೆದುಹೋದದ್ದಕ್ಕಲ್ಲ, ಏನೋ ನಡೆಯಬಹುದೆಂಬುದಕ್ಕೆ.

ಈ 'ಬಹುದು' ಎಂಬುದನ್ನು ಅಳೆಯಲು ಸಾಧ್ಯವೇ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು ಅಳೆದು ನೋಡಿ, 2016ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. 45 ಮಂದಿ ಸ್ವಯಂಸೇವಕರಿಗೆ ಅವರು ಕೊಟ್ಟದ್ದೂ ಒಂದು ಕಂಪ್ಯೂಟರ್ ಆಟವನ್ನೇ! ಪರದೆಯ ಮೇಲೆ ಕಲ್ಲು. ಅದರ ಕೆಳಗೆ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ನೋವಾಗುವಷ್ಟು ವಿದ್ಯುತ್ ಆಘಾತ. ಯಾವ ಕಲ್ಲಿನ ಕೆಳಗೆ ಹಾವಿರುವ ಸಂಭವ ಎಷ್ಟೆಂಬುದು ಆಟದುದ್ದಕ್ಕೂ ಬದಲಾಗುತ್ತಿತ್ತು. ಬೆವರನ್ನೂ ಕಣ್ಣಿನ ಪಾಪೆಯನ್ನೂ ಅಳೆದಾಗ ಕಂಡದ್ದು ಇದು: ಆಘಾತ ಖಂಡಿತ ಎಂದು ಗೊತ್ತಿದ್ದಾಗಿನ ತಳಮಳಕ್ಕಿಂತ, ಆಗಬಹುದು ಆಗದಿರಬಹುದು ಎಂಬ ಶೇಕಡಾ 50ರ ಸ್ಥಿತಿಯ ತಳಮಳವೇ ಹೆಚ್ಚು. ಪರೀಕ್ಷೆಯ ಫಲಿತಾಂಶಕ್ಕೆ ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಯೋಗ ನಡೆದದ್ದು ಭಯಾನಕ ಆಟಗಳ ಬಗ್ಗೆ ಅಲ್ಲ, ನಿಜ. ಆದರೆ ಮುಂದೆ ಹೇಳುವ ಆಟಗಳು ಹಿಡಿದಿರುವ ದಾರಿ ಅದೇ ಎಂದು ನನಗೆ ತೋರುತ್ತದೆ. ಆಟಗಾರನನ್ನು ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ ಎಂಬಲ್ಲಿ ನಿಲ್ಲಿಸಿ, "ಈಗ ಏನು ಮಾಡುತ್ತೀಯೆ?" ಎಂದು ಕೇಳುವುದು.

ಇದಕ್ಕೆ ಅತ್ಯಂತ ಶುದ್ಧವಾದ ಉದಾಹರಣೆ 'ಐರನ್ ಲಂಗ್'. 2022ರಲ್ಲಿ ಬಂದ ಈ ಆಟವನ್ನು ತಯಾರಿಸಿದವರು ಅಮೆರಿಕದ ಡೇವಿಡ್ ಷಿಮಾನ್ಸ್ಕಿ. (ಪೋಲಿಯೋ ರೋಗಿಗಳನ್ನು ಮಲಗಿಸುತ್ತಿದ್ದ ಹಳೆಯ ಉಸಿರಾಟದ ಯಂತ್ರಕ್ಕೂ ಇದೇ ಹೆಸರು.) ಕಥೆ ಹೀಗೆ: ವಿಶ್ವದ ನಕ್ಷತ್ರಗಳೂ ವಾಸಯೋಗ್ಯ ಗ್ರಹಗಳೂ ಒಮ್ಮೆಲೇ ಕಣ್ಮರೆಯಾಗಿವೆ. ಆಗ ಆಕಾಶ ನಿಲ್ದಾಣಗಳಲ್ಲಿ, ನೌಕೆಗಳಲ್ಲಿ ಇದ್ದವರು ಮಾತ್ರ ಉಳಿದಿದ್ದಾರೆ. ಬರಡು ಉಪಗ್ರಹವೊಂದರಲ್ಲಿ ರಕ್ತದ ಸಮುದ್ರ ಪತ್ತೆಯಾಗುತ್ತದೆ. ಅದರ ತಳವನ್ನು ನೋಡಿಬರಲು ಒಬ್ಬ ಕೈದಿಯನ್ನು ತುಕ್ಕುಹಿಡಿದ ಪುಟ್ಟ ಜಲಾಂತರ್ಗಾಮಿಯೊಳಗೆ ಕೂರಿಸಿ, ಬಾಗಿಲನ್ನು ಬೆಸುಗೆ ಹಾಕಿ ಇಳಿಸುತ್ತಾರೆ. ಆ ಕೈದಿ ನೀವು.

ಕಥೆ ವಿಚಿತ್ರವಾಗಿದೆ. ಭಯ ಇರುವುದು ಕಥೆಗಿಂತ ಹೆಚ್ಚಾಗಿ ಆ ಡಬ್ಬಿಯ ಏರ್ಪಾಟಿನಲ್ಲಿ. ಒತ್ತಡ ತಡೆಯಲೆಂದು ಕಿಟಕಿಯನ್ನು ಮುಚ್ಚಿಬಿಟ್ಟಿದ್ದಾರೆ. ಹೊರಗೆ ಏನೂ ಕಾಣದು. ನಿಮ್ಮ ಬಳಿ ಇರುವುದು ಒಂದು ನಕ್ಷೆ, ನೀವು ಇರುವ ಜಾಗದ ನಿರ್ದೇಶಾಂಕಗಳು, ನೌಕೆ ತಿರುಗಿರುವ ಕೋನ, ಗೋಡೆ ಹತ್ತಿರವಾದರೆ ಎಚ್ಚರಿಸುವ ಸೂಚಕ, ಮತ್ತು ಒಂದು ಕ್ಯಾಮೆರಾ. ಪ್ರೌಢಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಎಕ್ಸ್, ವೈ ಬೆಲೆಗಳನ್ನು ಗುರುತಿಸಿದ್ದು ನೆನಪಿದೆಯೇ? ಇಲ್ಲಿ ಜೀವ ಉಳಿಯುವುದು ಆ ಲೆಕ್ಕದ ಮೇಲೆ. ಗುರುತು ಮಾಡಿದ ಜಾಗ ತಲಪಿದ ಮೇಲೆ ಚಾಲನೆಯ ಗುಂಡಿಗಳನ್ನು ಬಿಟ್ಟು ಸರಿದು ಕ್ಯಾಮೆರಾದ ಗುಂಡಿ ಒತ್ತಬೇಕು. ಆಗ ಮಸುಕಾದ, ಕಾಳುಕಾಳಾದ ಒಂದು ಸ್ಥಿರಚಿತ್ರ ಮೂಡುತ್ತದೆ. ಹೊರಜಗತ್ತು ನಿಮಗೆ ಕಾಣುವುದು ಅಷ್ಟೇ.

ನಮ್ಮ ದೇಶದ ಟೆಲಿವಿಷನ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಷಿಮಾನ್ಸ್ಕಿ ಕೊಡುವುದು ನೀವು ಕೇಳಿದಾಗ ಒಂದೇ ಒಂದು. ಎರಡು ಚಿತ್ರಗಳ ನಡುವೆ ಹೊರಗೆ ಏನಾಯಿತು? ಮೊದಲ ಚಿತ್ರದಲ್ಲಿದ್ದ ಉಬ್ಬು ಎರಡನೆಯದರಲ್ಲಿ ಇಲ್ಲವೆಂದರೆ ಅದು ಬಂಡೆಯಾಗಿರಲಿಲ್ಲವೇ? ಮೂರನೆಯ ಸಲ ಗುಂಡಿ ಒತ್ತಲು ಕೈ ಹಿಂಜರಿಯುತ್ತದೆ. ಒತ್ತದೇ ಇದ್ದರೂ ಹಿಂಸೆ, ಏಕೆಂದರೆ ಆಮ್ಲಜನಕ ಕಡಿಮೆಯಾಗುತ್ತಿದೆ. ಸುಮಾರು ಒಂದು ಗಂಟೆಯಲ್ಲಿ ಮುಗಿಯುವ ಆಟ. ಅದರ ಬಹುಪಾಲು ಸಮಯ ಆಟಗಾರ ನೋಡುತ್ತಿರುವುದು ಅಂಕೆಗಳನ್ನು ಮತ್ತು ಕಬ್ಬಿಣದ ಗೋಡೆಯನ್ನು.

ಹಣವಿಲ್ಲದ್ದೇ ಇಲ್ಲಿ ಅನುಕೂಲವಾಗಿದೆ ಎಂಬುದನ್ನು ಗಮನಿಸಿ. ಇಡೀ ಸಮುದ್ರತಳವನ್ನು ಚಂದವಾಗಿ ಚಿತ್ರಿಸಲು ನೂರಾರು ಕಲಾವಿದರು ಬೇಕು. ಮುಚ್ಚಿದ ಕಿಟಕಿಗೆ ಒಬ್ಬ ಸಾಕು. ಪೋಲೆಂಡಿನ ದಂತವೈದ್ಯ ಪಾವೆಲ್ ಕೋಜ್ಮಿನ್ಸ್ಕಿ ತಮ್ಮ 'ವರ್ಲ್ಡ್ ಆಫ್ ಹಾರರ್' ಆಟದ ಚಿತ್ರಗಳನ್ನು ಮೈಕ್ರೋಸಾಫ್ಟ್ ಪೇಂಟ್‌ನಲ್ಲಿ ಬರೆದರು. ಶಾಲೆಯ ಕಂಪ್ಯೂಟರಿನಲ್ಲಿ ನೀವು ಗುಡ್ಡ, ಸೂರ್ಯ, ಮನೆ ಬಿಡಿಸಿದ ಅದೇ ತಂತ್ರಾಂಶ! 2022ರಲ್ಲಿ ಪೂರ್ಣರೂಪದಲ್ಲಿ ಬಂದ 'ಫೇಯ್ತ್' ಎಂಬ ಆಟದ ಪಾತ್ರಗಳು 1980ರ ದಶಕದ ಆಟಗಳಲ್ಲಿದ್ದಂತೆ ಕೆಲವೇ ಚುಕ್ಕೆಗಳಿಂದಾದವು, ಅವುಗಳ ಮಾತು ಹಳೆಯ ಕಂಪ್ಯೂಟರಿನ ಕೃತಕ ಧ್ವನಿಯಲ್ಲಿದೆ. ಮುಖವೇ ಇಲ್ಲದ ಆ ಚುಕ್ಕೆಗಳಿಗೆ ಮುಖ ಕೊಡುವುದು ನೋಡುವವನ ಮನಸ್ಸು. ಅದು ಸೌಮ್ಯ ಮುಖವನ್ನಂತೂ ಕೊಡುವುದಿಲ್ಲ.

ಈಗ ಸದ್ದಿನ ವಿಷಯ. ರೇಡಿಯೋ ನಾಟಕ ಕೇಳಿ ಬೆಳೆದವರಿಗೆ ಇದರ ಶಕ್ತಿ ಗೊತ್ತು. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ಕಣ್ಣು ಎದುರಿಗಿರುವುದನ್ನು ಕಂಡರೆ ಕಿವಿ ಸುತ್ತಲಿನದನ್ನೆಲ್ಲ ಕೇಳುತ್ತದೆ. ಎಡಗಡೆಯ ಸದ್ದು ಎಡಗಿವಿಯನ್ನು ಮೊದಲು ತಲಪಿ ಬಲಗಿವಿಯನ್ನು ಆಮೇಲೆ ತಲಪುತ್ತದೆ. ನಡುವಿನ ಅಂತರ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ. ಅಷ್ಟರಿಂದಲೇ ಮಿದುಳು ದಿಕ್ಕನ್ನು ಲೆಕ್ಕಹಾಕುತ್ತದೆ. ದಿಕ್ಕು ತಿಳಿಯುತ್ತದೆ, ಆದರೆ ಸದ್ದು ಮಾಡಿದ್ದು ಯಾರೆಂದು ತಿಳಿಯುವುದಿಲ್ಲ. ಮತ್ತೆ ಅದೇ ಅರ್ಧ ತಿಳಿವು.

ಇದನ್ನು ಚೆನ್ನಾಗಿ ದುಡಿಸಿಕೊಂಡ ಆಟ 'ಡಾರ್ಕ್‌ವುಡ್'. ಪೋಲೆಂಡಿನ ಆಸಿಡ್ ವಿಜರ್ಡ್ ಸ್ಟುಡಿಯೋ ಎಂಬ ಮೂವರ ತಂಡ ಇದನ್ನು 2017ರಲ್ಲಿ ಪೂರ್ಣಗೊಳಿಸಿತು. ಇಲ್ಲಿ ಎಲ್ಲವನ್ನೂ ಮೇಲಿನಿಂದ, ಹಕ್ಕಿ ನೋಡಿದಂತೆ ನೋಡುತ್ತೇವೆ. ಹಾಗಿದ್ದರೆ ಎಲ್ಲವೂ ಕಾಣಬೇಕಲ್ಲ, ಹೆದರಿಕೆ ಎಲ್ಲಿಂದ ಬಂತು? ತಂಡದ ಜಾಣತನ ಅಲ್ಲೇ ಇದೆ. ನಿಮ್ಮ ಪಾತ್ರ ಯಾವ ಕಡೆಗೆ ಮುಖ ಮಾಡಿದೆಯೋ ಆ ಕಡೆ ಬೀಸಣಿಗೆಯಂತೆ ಹರಡಿದ ಜಾಗದಲ್ಲಿರುವ ಜೀವಿಗಳು ಮಾತ್ರ ಕಾಣುತ್ತವೆ. ಅದರಾಚೆ ಮರ, ಗೋಡೆ, ಮೇಜು ಮಸುಕಾಗಿ ಕಂಡರೂ ಓಡಾಡುವುದು ಕಾಣುವುದಿಲ್ಲ. ಅದೇ ಪರದೆಯ ಮೇಲೆ, ನಿಮ್ಮ ಕಣ್ಣೆದುರಿನಲ್ಲೇ, ಬೆನ್ನ ಹಿಂದೆ ಏನೋ ನಿಂತಿರಬಹುದು.

ಹಗಲಲ್ಲಿ ಕಾಡಿನಲ್ಲಿ ಅಲೆದು ಹಲಗೆ, ಮೊಳೆ, ಪೆಟ್ರೋಲು ಕೂಡಿಹಾಕಬೇಕು. ಕತ್ತಲಾಗುವ ಮೊದಲು ಪಾಳು ಮನೆಗೆ ಮರಳಿ, ಕಿಟಕಿಗೆ ಹಲಗೆ ಬಡಿದು, ಬಾಗಿಲಿಗೆ ಬೀರು ಒತ್ತಿಟ್ಟು, ಜನರೇಟರಿಗೆ ಪೆಟ್ರೋಲು ಹಾಕಿ ಕಾಯಬೇಕು. ಕಾಯುವುದೇ ಆಟ. ಪಕ್ಕದ ಕೋಣೆಯಲ್ಲಿ ಹಲಗೆ ಕಿರುಗುಟ್ಟುತ್ತದೆ. ಯಾರೋ ಬಾಗಿಲು ತಟ್ಟುತ್ತಾರೆ. ಕೆಲವು ರಾತ್ರಿ ಏನೂ ಒಳಗೆ ಬರುವುದಿಲ್ಲ, ಆ ರಾತ್ರಿಗಳಲ್ಲಿ ಬೆವರಿದ್ದೇನೂ ಕಡಿಮೆಯಲ್ಲ. ಪಟಾಕಿ ಹೊಡೆಯುವಂಥ ಅಗ್ಗದ ಬೆಚ್ಚಿಸುವಿಕೆ ತಮ್ಮ ಆಟದಲ್ಲಿಲ್ಲ ಎಂದು ತಯಾರಕರೇ ಹೇಳಿಕೊಂಡಿದ್ದಾರೆ. ಕರ್ನಾಟಕದ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿದ್ದುದನ್ನು ಹಿರಿಯರಿಂದ ಕೇಳಿರುತ್ತೀರಿ. ಆ ಕಥೆಯಲ್ಲೂ ದೆವ್ವದ ರೂಪದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕರೆಯುತ್ತಿರುವುದು ಪರಿಚಿತ ದನಿ, ಬಾಗಿಲು ತೆರೆಯಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆ.

ಈ ತಂಡದ ಬಗ್ಗೆ ಇನ್ನೊಂದು ಮಾತು ಹೇಳದಿರಲಾರೆ. ಆಟ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಆಟಗಾರನೊಬ್ಬ, ಖರ್ಚಿನ ಲೆಕ್ಕ ಕಂಡು ತಂದೆತಾಯಿ ಚಿಂತೆಗೀಡಾಗಬಾರದೆಂದು ಹಣ ವಾಪಸು ಕೇಳಿದ. ಇದನ್ನು ಓದಿದ ಆ ಮೂವರು ತಮ್ಮ ಆಟದ ಪೂರ್ಣ ಪ್ರತಿಯನ್ನು ಕದ್ದ ಸರಕು ಸಿಗುವ 'ಪೈರೇಟ್ ಬೇ' ತಾಣಕ್ಕೆ ತಾವೇ ಹಾಕಿದರು. ಹಣವಿಲ್ಲದವರು ಆಡಲಿ, ಇಷ್ಟವಾದರೆ ಮುಂದೆಂದಾದರೂ ಕೊಳ್ಳಲಿ ಎಂದರು. ನಾಲ್ಕು ವರ್ಷ ದುಡಿದು ಮಾಡಿದ ಆಟವದು.

ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್ 2017ರಲ್ಲಿ ತಂದ 'ಡಿಟೆನ್ಷನ್' ಇನ್ನೊಂದು ಬಗೆಯದು. 1949ರಿಂದ 1987ರವರೆಗೆ ತೈವಾನ್ ಸೈನಿಕ ಶಾಸನದ ಕೆಳಗಿತ್ತು. ಆಟ ನಡೆಯುವುದು ಆ ಕಾಲದ, 1960ರ ದಶಕದ ಒಂದು ಗುಡ್ಡಗಾಡಿನ ಶಾಲೆಯಲ್ಲಿ. ಅಲ್ಲಿ ಅಲೆಯುವ ಪ್ರೇತಗಳನ್ನು ದಾಟಲು ಉಸಿರು ಬಿಗಿಹಿಡಿಯಬೇಕು. ಅನ್ನದ ಬಟ್ಟಲಿಟ್ಟು ಅವುಗಳ ಗಮನ ಬೇರೆಡೆ ಸೆಳೆಯಬಹುದು. ಇವೆಲ್ಲ ಆ ಸೀಮೆಯ ನಂಬಿಕೆಗಳಿಂದ ಬಂದವು. ಆದರೆ ಸ್ವಲ್ಪ ಹೊತ್ತಿಗೆ ಪ್ರೇತಗಳ ಭಯ ಹಿಂದೆ ಸರಿಯುತ್ತದೆ. ಆ ಶಾಲೆಯಲ್ಲಿ ನಿಷೇಧಿತ ಪುಸ್ತಕಗಳನ್ನು ಗುಟ್ಟಾಗಿ ಓದುತ್ತಿದ್ದ ಒಂದು ಗುಂಪು ಇತ್ತು. ಅವರ ಹೆಸರು ಅಧಿಕಾರಿಗಳಿಗೆ ಹೇಗೆ ತಲಪಿತು? ನಾವು ನಡೆಸುತ್ತಿರುವ ಫಾಂಗ್ ರೇ-ಶಿನ್ ಎಂಬ ವಿದ್ಯಾರ್ಥಿನಿಗೆ ಅದರಲ್ಲಿ ಏನು ಪಾತ್ರ? ಉತ್ತರ ಸಮೀಪಿಸಿದಂತೆ ಮುಂದಿನ ಬಾಗಿಲನ್ನು ತೆರೆಯಲು ಮನಸ್ಸು ಬಾರದು. ಇದೇ ಕಥೆ 2019ರಲ್ಲಿ ಚಲನಚಿತ್ರವೂ ಆಯಿತು. ಆದರೆ ಆ ಹುಡುಗಿಯನ್ನು ಅಷ್ಟು ದೂರ ನಡೆಸಿಕೊಂಡು ಬಂದದ್ದು ನಮ್ಮದೇ ಬೆರಳು ಎಂಬ ಭಾವ ಆಟದಲ್ಲಿ ಮಾತ್ರ ಸಾಧ್ಯ.

'ಅನಾಟಮಿ' (2016) ಇವೆಲ್ಲಕ್ಕಿಂತ ಚಿಕ್ಕದು. ಕಿಟ್ಟಿ ಹಾರರ್‌ಷೋ ಎಂಬ ಹೆಸರಿನಲ್ಲಿ ಆಟ ತಯಾರಿಸುವವರ ಕೃತಿ. ಕತ್ತಲು ತುಂಬಿದ ಸಾಧಾರಣ ಮನೆ. ಚಿತ್ರ ಹಳೆಯ ವಿಡಿಯೋ ಕ್ಯಾಸೆಟ್ಟಿನಂತೆ ಅಲುಗುತ್ತದೆ. ಕೋಣೆಕೋಣೆಗೆ ಹೋಗಿ ಧ್ವನಿಸುರುಳಿಗಳನ್ನು ಹುಡುಕಿ ತಂದು ಕೇಳಬೇಕು. ಮನೆಯ ಭಾಗಗಳನ್ನು ದೇಹದ ಅಂಗಗಳಿಗೆ ಹೋಲಿಸುತ್ತ ಒಂದು ಹೆಣ್ಣುದನಿ ಶಾಂತವಾಗಿ ಉಪನ್ಯಾಸ ಕೊಡುತ್ತದೆ. ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಕೊನೆಗೆ ಆಟ ತಾನಾಗಿ ಮುಚ್ಚಿಹೋಗುತ್ತದೆ. ಮುಗಿಯಿತೆಂದುಕೊಂಡರೆ ತಪ್ಪು. ಮತ್ತೆ ತೆರೆದರೆ ಮನೆ ಅದೇ, ಆದರೆ ಏನೋ ಕೆಟ್ಟಿದೆ. ಮತ್ತೆ ಮುಚ್ಚುತ್ತದೆ, ಮತ್ತೆ ತೆರೆದಾಗ ಇನ್ನಷ್ಟು ಕೆಟ್ಟಿದೆ. ಪ್ರತಿ ಸಲವೂ ನೀವೇ, ಯಾರ ಬಲವಂತವೂ ಇಲ್ಲದೆ, ಒಳಗೆ ಹೋಗಿದ್ದೀರಿ.

ಇಂಥ ಆಟಗಳನ್ನು ಬೇರೆಯವರು ಆಡುವುದನ್ನು ಯೂಟ್ಯೂಬಿನಲ್ಲಿ ನೋಡುವುದು ಈಗ ಸಾಮಾನ್ಯ. ನೋಡಬಾರದೆಂದಲ್ಲ. ಆದರೆ ಹಾಗೆ ನೋಡುವಾಗ ಅದು ಮತ್ತೆ ಟೆಲಿವಿಷನ್ ಆಗಿಬಿಡುತ್ತದೆ. ಬೆರಳಿನ ಸಂದಿಯಿಂದ ಇಣುಕುವ ಅನುಕೂಲ ವಾಪಸು ಬರುತ್ತದೆ. ಆಡುವುದಾದರೆ ಹೆಡ್‌ಫೋನ್ ಹಾಕಿಕೊಂಡು ಆಡಿ, ಇಲ್ಲವಾದರೆ 'ಡಾರ್ಕ್‌ವುಡ್'ನ ಅರ್ಧ ಕೆಲಸ ವ್ಯರ್ಥ. ಇವುಗಳಲ್ಲಿ ಹಿಂಸೆ, ಆತ್ಮಹತ್ಯೆಯಂಥ ವಿಷಯಗಳಿವೆ. 'ಡಿಟೆನ್ಷನ್' ಮತ್ತು 'ಡಾರ್ಕ್‌ವುಡ್' ಚಿಕ್ಕ ತರಗತಿಯವರಿಗಲ್ಲ. ಕಾಲೇಜು ವಿದ್ಯಾರ್ಥಿಗಳು 'ಐರನ್ ಲಂಗ್'ನಿಂದ ಆರಂಭಿಸಬಹುದು. ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲು ಇಟ್ಟುಕೊಂಡಿರಿ, ನಿರ್ದೇಶಾಂಕಗಳನ್ನು ಬರೆದುಕೊಳ್ಳಬೇಕಾಗುತ್ತದೆ.