ಕ್ಲಬ್ ಕೊಂಡಿದ್ದ ಉದ್ಯಮಿ ದೇಶದ ಫುಟ್‌ಬಾಲ್ ಗದ್ದುಗೆಗೆ: ಇಂಡೋನೇಷ್ಯಾದಲ್ಲಿ ಆಗಿದ್ದೇನು?

ದೇಶದ ಫುಟ್‌ಬಾಲ್ ಸಂಸ್ಥೆಗೆ ಒಬ್ಬ ದೊಡ್ಡ ಉದ್ಯಮಿ ಅಧ್ಯಕ್ಷನಾದರೆ ಏನಾಗುತ್ತೆ? ದುಡ್ಡಿದ್ದವರು ಬಂದರು, ಇನ್ನು ಎಲ್ಲಾ ಸರಿಹೋಗುತ್ತೆ ಅನ್ನೋರು ಇದ್ದಾರೆ. ದುಡ್ಡಿದ್ದವರು ಬಂದರು, ಇನ್ನು ಆಟದ ಕಥೆ ಮುಗೀತು ಅನ್ನೋರೂ ಇದ್ದಾರೆ. ಇಂಡೋನೇಷ್ಯಾದಲ್ಲಿ 2023ರಿಂದ ಈ ಪ್ರಯೋಗ ನಡೀತಾ ಇದೆ. ಅಲ್ಲಿ ಆಗಿದ್ದನ್ನು ನೋಡಿದರೆ ಎರಡೂ ಮಾತು ಅರ್ಧರ್ಧ ನಿಜ ಅನ್ನಿಸುತ್ತೆ.

ಮೊದಲು ಆ ಕುರ್ಚಿ ಖಾಲಿಯಾದದ್ದು ಯಾಕೆ ಅಂತ ತಿಳಿಯಬೇಕು. 2022ರ ಅಕ್ಟೋಬರ್ 1ರ ರಾತ್ರಿ, ಪೂರ್ವ ಜಾವಾದ ಮಲಾಂಗ್ ಬಳಿಯ ಕಂಜುರುಹಾನ್ ಕ್ರೀಡಾಂಗಣ. ಊರಿನ ತಂಡ ಅರೆಮಾ, ಬದ್ಧ ಎದುರಾಳಿ ಪೆರ್ಸೆಬಾಯಾ ಎದುರು 2-3ರಿಂದ ಸೋತಿತು. ಸಿಟ್ಟಾದ ಅಭಿಮಾನಿಗಳು ಮೈದಾನಕ್ಕೆ ಇಳಿದರು. ಪೊಲೀಸರು ಅಶ್ರುವಾಯು ಸಿಡಿಸಿದರು, ಅದೂ ಜನ ತುಂಬಿದ್ದ ಗ್ಯಾಲರಿ ಕಡೆಗೂ. ಕ್ರೀಡಾಂಗಣದ ಒಳಗೆ ಅಶ್ರುವಾಯು ಬಳಸಬಾರದು ಅಂತ ಫಿಫಾದ ಸುರಕ್ಷತಾ ನಿಯಮದಲ್ಲೇ ಇದೆ. ಕಣ್ಣು ಕಾಣದೆ, ಉಸಿರು ಕಟ್ಟಿ ಜನ ಇಕ್ಕಟ್ಟಾದ ಬಾಗಿಲುಗಳತ್ತ ನುಗ್ಗಿದರು. ಸತ್ತವರು 135 ಮಂದಿ. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು. ಮ್ಯಾಚ್ ನೋಡೋಕೆ ಅಂತ ಅಪ್ಪ ಅಮ್ಮನ ಜೊತೆ ಹೋಗಿದ್ದ ಮಕ್ಕಳು.

ಸರ್ಕಾರ ನೇಮಿಸಿದ ತನಿಖಾ ತಂಡ, ಫುಟ್‌ಬಾಲ್ ಸಂಸ್ಥೆಯ ಪದಾಧಿಕಾರಿಗಳು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಡಬೇಕು ಅಂತ ಹೇಳಿತು. ಅವರು ತಕ್ಷಣ ಕೊಡಲಿಲ್ಲ. ಕೊನೆಗೆ ಅವಧಿಗೆ ಮುನ್ನವೇ ಚುನಾವಣೆ ಕರೆಯಬೇಕಾಯಿತು. 2023ರ ಫೆಬ್ರುವರಿ 16ರಂದು ಎರಿಕ್ ತೋಹಿರ್ 64 ಮತ ಪಡೆದು ಗೆದ್ದರು. ಹಿಂದೆ ಇದೇ ಸಂಸ್ಥೆಯ ಅಧ್ಯಕ್ಷರಾಗಿದ್ದ ಲಾ ನ್ಯಾಲಾ ಮಟ್ಟಲಿತ್ತಿ ಅವರಿಗೆ ಬಿದ್ದಿದ್ದು 22 ಮತ.

ಯಾರು ಈ ತೋಹಿರ್?

1970ರಲ್ಲಿ ಜಕಾರ್ತಾದಲ್ಲಿ ಹುಟ್ಟಿದವರು. ಉದ್ಯಮಿ ಮನೆತನ. ಅಣ್ಣ ಗರಿಬಾಲ್ಡಿ ತೋಹಿರ್ ಕಲ್ಲಿದ್ದಲು ವ್ಯವಹಾರದಲ್ಲಿ ದೊಡ್ಡ ಹೆಸರು. ಎರಿಕ್ ಹಿಡಿದಿದ್ದು ಮಾಧ್ಯಮ ಕ್ಷೇತ್ರ: ಮಹಾಕಾ ಅನ್ನೋ ಕಂಪನಿ ಕಟ್ಟಿದರು, 2001ರಲ್ಲಿ ರಿಪಬ್ಲಿಕಾ ಪತ್ರಿಕೆ ಕೊಂಡರು. ಆಮೇಲೆ ಕ್ರೀಡೆಯತ್ತ ತಿರುಗಿದರು. ಅಮೆರಿಕದ ಫಿಲಡೆಲ್ಫಿಯಾ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಪಾಲು, ಡಿ.ಸಿ. ಯುನೈಟೆಡ್ ಫುಟ್‌ಬಾಲ್ ತಂಡದಲ್ಲಿ ಪಾಲು. 2013ರಲ್ಲಿ ಪಾಲುದಾರರ ಜೊತೆ ಸೇರಿ ಇಟಲಿಯ ಇಂಟರ್ ಮಿಲಾನ್‌ನ ಶೇ 70ರಷ್ಟು ಪಾಲು ಕೊಂಡಾಗ ಜಗತ್ತೇ ತಿರುಗಿ ನೋಡಿತು. 2016ರಲ್ಲಿ ಬಹುಪಾಲನ್ನು ಚೀನಾದ ಸುನಿಂಗ್ ಕಂಪನಿಗೆ ಬಿಟ್ಟುಕೊಟ್ಟರು, ಉಳಿದದ್ದನ್ನು 2019ರಲ್ಲಿ ಮಾರಿದರು. ಅವರು ಅಧ್ಯಕ್ಷರಾಗಿದ್ದಷ್ಟೂ ವರ್ಷ ಇಂಟರ್ ಒಂದೂ ದೊಡ್ಡ ಕಪ್ ಎತ್ತಲಿಲ್ಲ ಅನ್ನೋದನ್ನೂ ಹೇಳಬೇಕು.

2018ರಲ್ಲಿ ಜಕಾರ್ತಾ ಮತ್ತು ಪಾಲೆಂಬಾಂಗ್‌ನಲ್ಲಿ ಏಷ್ಯನ್ ಗೇಮ್ಸ್ ನಡೆದಾಗ ಸಂಘಟನಾ ಸಮಿತಿಗೆ ಅವರೇ ಮುಖ್ಯಸ್ಥರು. ಮರುವರ್ಷ ಅಧ್ಯಕ್ಷ ಜೋಕೊ ವಿಡೊಡೊ ಅವರ ಚುನಾವಣಾ ಪ್ರಚಾರ ಮುನ್ನಡೆಸಿ, ಸರ್ಕಾರಿ ಉದ್ಯಮಗಳ ಸಚಿವರಾದರು. ಅಂದರೆ ಫುಟ್‌ಬಾಲ್ ಚುನಾವಣೆಗೆ ನಿಂತಾಗ ಅವರು ಉದ್ಯಮಿ ಮಾತ್ರ ಅಲ್ಲ, ಮಂತ್ರಿಯೂ ಹೌದು.

ಕ್ಲಬ್ ಬೇರೆ, ಫೆಡರೇಷನ್ ಬೇರೆ

ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕ್ಲಬ್ ಅನ್ನೋದು ಅಂಗಡಿ ಇದ್ದ ಹಾಗೆ. ದುಡ್ಡು ಕೊಟ್ಟು ಕೊಳ್ಳಬಹುದು, ಲಾಭ ಬಾರದಿದ್ದರೆ ಮಾರಿ ಕೈ ತೊಳೆದುಕೊಳ್ಳಬಹುದು. ಫೆಡರೇಷನ್ ಹಾಗಲ್ಲ, ಅದು ವರ್ತಕರ ಸಂಘ ಇದ್ದ ಹಾಗೆ. ಅದಕ್ಕೆ ಮಾಲೀಕ ಅಂತ ಯಾರೂ ಇಲ್ಲ. ಸಂಘದ ಕಟ್ಟಡವನ್ನು ಅಧ್ಯಕ್ಷ ಮಾರೋಕಾಗಲ್ಲ, ಸದಸ್ಯರು ಮತ ಹಾಕದಿದ್ದರೆ ಕುರ್ಚಿಯೂ ಇಲ್ಲ. ಇಂಡೋನೇಷ್ಯಾದಲ್ಲಿ ಮತ ಹಾಕುವವರು ಮುಖ್ಯವಾಗಿ ಕ್ಲಬ್‌ಗಳು ಮತ್ತು ಪ್ರಾಂತೀಯ ಸಂಘಗಳು. ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಕೂರುವ ಜನರಿಗೆ ಮತ ಇಲ್ಲ. ಕಂಜುರುಹಾನ್‌ನಲ್ಲಿ ಮಕ್ಕಳನ್ನು ಕಳೆದುಕೊಂಡವರಿಗೂ ಇಲ್ಲ.

ದುಡ್ಡು ಎಲ್ಲಿಂದ? ಅಧ್ಯಕ್ಷರ ಜೇಬಿಂದ ಅಲ್ಲ. ಪ್ರಾಯೋಜಕರು, ಟಿವಿ ಹಕ್ಕು, ಸರ್ಕಾರದ ನೆರವು, ಜೊತೆಗೆ ಫಿಫಾ. 2023ರಿಂದ 2026ರವರೆಗಿನ ನಾಲ್ಕು ವರ್ಷಕ್ಕೆ ಒಂದೊಂದು ಸದಸ್ಯ ದೇಶಕ್ಕೆ ಫಿಫಾ ಗರಿಷ್ಠ 80 ಲಕ್ಷ ಡಾಲರ್ ಕೊಡುತ್ತದೆ, ನಮ್ಮ ಲೆಕ್ಕದಲ್ಲಿ 65 ಕೋಟಿ ರೂಪಾಯಿಗೂ ಹೆಚ್ಚು. ಉದ್ಯಮಿ ಅಧ್ಯಕ್ಷರಿಂದ ಸಿಗುವ ದೊಡ್ಡ ಅನುಕೂಲ ಅವರ ಫೋನ್ ಪುಸ್ತಕ. ಯಾವ ಬಾಗಿಲು ತಟ್ಟಬೇಕು ಅಂತ ಅವರಿಗೆ ಗೊತ್ತಿರುತ್ತೆ.

ತೋಹಿರ್ ಕೂತ ಒಂದೂವರೆ ತಿಂಗಳಲ್ಲೇ ಈ ಫೋನ್ ಪುಸ್ತಕ ಪರೀಕ್ಷೆಗೆ ಬಿತ್ತು. ಆ ವರ್ಷದ 20 ವರ್ಷದೊಳಗಿನವರ ವಿಶ್ವಕಪ್ ಇಂಡೋನೇಷ್ಯಾದಲ್ಲಿ ನಡೆಯಬೇಕಿತ್ತು. ಇಸ್ರೇಲ್ ತಂಡ ಅರ್ಹತೆ ಪಡೆದಿತ್ತು. ಆ ತಂಡ ಬರೋದು ಬೇಡ ಅಂತ ಬಾಲಿ ಮತ್ತು ಮಧ್ಯ ಜಾವಾದ ಗವರ್ನರ್‌ಗಳು ಪಟ್ಟು ಹಿಡಿದರು. ತೋಹಿರ್ ದೋಹಾಕ್ಕೆ ಹೋಗಿ ಫಿಫಾ ಅಧ್ಯಕ್ಷ ಇನ್ಫಾಂಟಿನೊ ಅವರನ್ನು ಕಂಡರೂ ಪ್ರಯೋಜನವಾಗಲಿಲ್ಲ. ಮಾರ್ಚ್ 29ರಂದು ಫಿಫಾ ಆತಿಥ್ಯ ಕಿತ್ತುಕೊಂಡಿತು, ಟೂರ್ನಿ ಅರ್ಜೆಂಟೀನಾಕ್ಕೆ ಹೋಯಿತು. ಆದರೆ ದೇಶಕ್ಕೆ ನಿಷೇಧ ಬೀಳುತ್ತೆ ಅನ್ನೋ ಭಯ ನಿಜವಾಗಲಿಲ್ಲ. ಫಿಫಾ ಅನುದಾನದ ಬಳಕೆಗೆ ಮಿತಿ ಹಾಕಿದ್ದಷ್ಟೇ ಶಿಕ್ಷೆ. ಅದೇ ವರ್ಷ ಪೆರು ದೇಶದಿಂದ ಹಿಂಪಡೆದ 17 ವರ್ಷದೊಳಗಿನವರ ವಿಶ್ವಕಪ್ ಇಂಡೋನೇಷ್ಯಾಕ್ಕೆ ಸಿಕ್ಕಿತು, ನವೆಂಬರ್‌ನಲ್ಲಿ ನಡೆದೂಬಿಟ್ಟಿತು.

ತಂಡದ ಏರು, ತಂಡದ ಇಳಿ

ಇಂಡೋನೇಷ್ಯಾ ವಿಶ್ವಕಪ್ ಆಡಿದ್ದು ಒಮ್ಮೆ ಮಾತ್ರ, 1938ರಲ್ಲಿ, ಅದೂ ಡಚ್ಚರ ವಸಾಹತಾಗಿದ್ದಾಗ. ಆ ಡಚ್ ನಂಟೇ ಈಗ ಮತ್ತೆ ಕೆಲಸಕ್ಕೆ ಬಂತು. ಇಂಡೋನೇಷ್ಯಾದ ಅಜ್ಜ-ಅಜ್ಜಿ ಇರುವ, ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿ ಬೆಳೆದ ಆಟಗಾರರನ್ನು ಹುಡುಕಿ ಪೌರತ್ವ ಕೊಡಿಸುವ ಕೆಲಸ ಜೋರಾಯಿತು. ಜೇ ಇಡ್ಜೆಸ್, ತೋಮ್ ಹೇ, ಕಾಲ್ವಿನ್ ವೆರ್ಡೊಂಕ್, ಹೀಗೆ ಪಟ್ಟಿ ಬೆಳೆಯಿತು. ದಕ್ಷಿಣ ಕೊರಿಯಾದ ಕೋಚ್ ಶಿನ್ ತೇ-ಯಾಂಗ್ ಕೈಯಲ್ಲಿ ತಂಡ ಕಳೆ ಕಟ್ಟಿತು. 2024ರ ಜನವರಿಯಲ್ಲಿ ಏಷ್ಯಾ ಕಪ್ ಆಡುವಾಗ ಫಿಫಾ ಶ್ರೇಯಾಂಕ 146. ಅದೇ ನವೆಂಬರ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಸೌದಿ ಅರೇಬಿಯಾವನ್ನು ಜಕಾರ್ತಾದಲ್ಲಿ 2-0ರಿಂದ ಕೆಡವಿದರು. 2025ರ ಮಧ್ಯಕ್ಕೆ ಶ್ರೇಯಾಂಕ 118ಕ್ಕೆ ಬಂತು. ಆಗ ಭಾರತ ಇದ್ದದ್ದು 133ರಲ್ಲಿ.

ಹೀಗಿರುವಾಗ 2025ರ ಜನವರಿ 6ರಂದು ಶಿನ್ ಅವರನ್ನು ತೆಗೆದುಹಾಕಿದರು. ತಂಡ ಗುಂಪಿನಲ್ಲಿ ಮೂರನೇ ಸ್ಥಾನದಲ್ಲಿತ್ತು. ಬದಲಿಗೆ ಬಂದವರು ನೆದರ್‌ಲ್ಯಾಂಡ್ಸ್‌ನ ಮಾಜಿ ತಾರೆ ಪ್ಯಾಟ್ರಿಕ್ ಕ್ಲೈವರ್ಟ್. ಆಟಗಾರರ ಜೊತೆ ಮಾತುಕತೆ ಇನ್ನೂ ಚೆನ್ನಾಗಿರಬೇಕು ಅನ್ನೋದು ಕೊಟ್ಟ ಕಾರಣ. ಕಂಪನಿಯಲ್ಲಿ ಮ್ಯಾನೇಜರ್ ಬದಲಿಸಿದ ಹಾಗೆ ಆಯಿತು ಇದು. ಆದರೆ ಐದು ವರ್ಷ ಒಂದೇ ಕೈಯಲ್ಲಿ ಪಳಗಿದ ತಂಡಕ್ಕೆ, ಅರ್ಹತಾ ಸುತ್ತಿನ ನಡುವೆ ಹೊಸ ಮೇಷ್ಟ್ರು ಬಂದರೆ ಏನಾಗಬಹುದೋ ಅದೇ ಆಯಿತು. ಮೊದಲ ಪಂದ್ಯದಲ್ಲೇ ಆಸ್ಟ್ರೇಲಿಯಾ ಎದುರು 1-5 ಸೋಲು. ಬಹ್ರೇನ್, ಚೀನಾ ವಿರುದ್ಧ ಗೆದ್ದು ನಾಲ್ಕನೇ ಸುತ್ತಿಗೇನೋ ಬಂದರು. ಅಲ್ಲಿ ಅಕ್ಟೋಬರ್‌ನಲ್ಲಿ ಸೌದಿ ಎದುರು 2-3, ಇರಾಕ್ ಎದುರು 0-1. ವಿಶ್ವಕಪ್ ಕನಸು ಮುಗೀತು, ಕೆಲವೇ ದಿನದಲ್ಲಿ ಕ್ಲೈವರ್ಟ್ ಕೂಡ ಹೊರನಡೆದರು. ಕೋಚ್ ಇಬ್ಬರೂ ಹೋದರು, ಬದಲಿಸಿದವರು ಕುರ್ಚಿಯಲ್ಲೇ ಇದ್ದಾರೆ.

ಅಷ್ಟೇ ಅಲ್ಲ, 2025ರ ಸೆಪ್ಟೆಂಬರ್‌ನಲ್ಲಿ ತೋಹಿರ್ ಯುವಜನ ಮತ್ತು ಕ್ರೀಡಾ ಸಚಿವರೂ ಆದರು. ಸರ್ಕಾರ ಫುಟ್‌ಬಾಲ್ ಸಂಸ್ಥೆಯಲ್ಲಿ ಕೈ ಆಡಿಸಬಾರದು ಅನ್ನೋದು ಫಿಫಾ ನಿಯಮ. ಇದೇ ಕಾರಣಕ್ಕೆ 2015ರಲ್ಲಿ ಇಂಡೋನೇಷ್ಯಾವನ್ನು ಒಂದು ವರ್ಷ ಅಮಾನತಿನಲ್ಲಿಟ್ಟಿತ್ತು. ಈಗ ಕ್ರೀಡಾ ಖಾತೆಯೂ ಫುಟ್‌ಬಾಲ್ ಸಂಸ್ಥೆಯೂ ಒಬ್ಬರ ಕೈಯಲ್ಲೇ. ಲೆಕ್ಕ ಕೇಳಬೇಕಾದವರೂ ಅವರೇ, ಲೆಕ್ಕ ಕೊಡಬೇಕಾದವರೂ ಅವರೇ!

ನಮ್ಮಲ್ಲಿ ಏನು ಕಥೆ?

ಭಾರತದ ಫುಟ್‌ಬಾಲ್ ಫೆಡರೇಷನ್ ಕುರ್ಚಿ ದಶಕಗಳ ಕಾಲ ರಾಜಕಾರಣಿಗಳ ಕೈಯಲ್ಲಿತ್ತು, ಪ್ರಿಯರಂಜನ್ ದಾಸ್‌ಮುನ್ಶಿ, ಆಮೇಲೆ ಪ್ರಫುಲ್ ಪಟೇಲ್. 2022ರ ಆಗಸ್ಟ್‌ನಲ್ಲಿ ಫಿಫಾ ನಮಗೂ ಅಮಾನತಿನ ಬಿಸಿ ಮುಟ್ಟಿಸಿತು. ಆಮೇಲಿನ ಚುನಾವಣೆಯಲ್ಲಿ ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ, ಬೈಚುಂಗ್ ಭುಟಿಯಾರನ್ನು 33-1ರಿಂದ ಸೋಲಿಸಿದರು. ಬೆಂಗಳೂರಿನ ಶಾಸಕ ಎನ್.ಎ. ಹ್ಯಾರಿಸ್ ಉಪಾಧ್ಯಕ್ಷರಾದರು. ಇಲ್ಲಿ ಮತ ಹಾಕಿದ್ದು ರಾಜ್ಯ ಸಂಘಗಳು. ದೇಶಕ್ಕೆ ಎಷ್ಟೋ ಪಂದ್ಯ ಆಡಿದ ಭುಟಿಯಾಗೆ ಸಿಕ್ಕಿದ್ದು ಒಂದೇ ಮತ ಅಂದರೆ, ಆ ಸಭಾಂಗಣದ ಲೆಕ್ಕವೇ ಬೇರೆ ಅಂತ ಗೊತ್ತಾಗುತ್ತೆ.

ಉದ್ಯಮಿಗಳ ದುಡ್ಡು ನಮ್ಮ ಫುಟ್‌ಬಾಲ್‌ನಲ್ಲೂ ಇದೆ, ಕುರ್ಚಿಯಲ್ಲಲ್ಲ, ಕ್ಲಬ್‌ಗಳಲ್ಲಿ. ಐಎಸ್‌ಎಲ್ ಒಪ್ಪಂದ ನವೀಕರಣ ನೆನೆಗುದಿಗೆ ಬಿದ್ದಾಗ, 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಅದೇ ಕ್ಲಬ್‌ನ ರಯಾನ್ ವಿಲಿಯಮ್ಸ್ ಆ ವರ್ಷವೇ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು. ಇಂಡೋನೇಷ್ಯಾ ಮಾಡಿದ ಹಾಗೆ ಸಾಲುಸಾಲಾಗಿ ಕರೆತರೋದು ಇಲ್ಲಿ ಸುಲಭ ಅಲ್ಲ.

ಇನ್ನು ಕಂಜುರುಹಾನ್ ಪ್ರಕರಣ. 2023ರ ಮಾರ್ಚ್‌ನಲ್ಲಿ ಇಬ್ಬರು ಪೊಲೀಸ್ ಅಧಿಕಾರಿಗಳನ್ನು ಕೆಳ ನ್ಯಾಯಾಲಯ ಬಿಡುಗಡೆ ಮಾಡಿತ್ತು. ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ತೀರ್ಪು ತಿರುಗಿಸಿ, ಒಬ್ಬರಿಗೆ ಎರಡು ವರ್ಷ, ಇನ್ನೊಬ್ಬರಿಗೆ ಎರಡೂವರೆ ವರ್ಷ ಜೈಲು ವಿಧಿಸಿತು. ತೋಹಿರ್ ಅವರ ಅವಧಿ 2027ರವರೆಗಿದೆ.