ನೀಳಕೇಶದ ಜಮಾ–ಖರ್ಚು

ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಸರ್ವೇಸಾಮಾನ್ಯವಾಗಿ ಕೇಳಿಬರುವ ದೂರೊಂದುಂಟು. ಧಾರವಾಡದಿಂದಲೋ ಹಾಸನದಿಂದಲೋ ಮದುವೆಯಾಗಿ ಬಂದ ಸೊಸೆಯ ಜಡೆ, ಬಂದಾಗ ಸೊಂಟವನ್ನು ಮುಟ್ಟುತ್ತಿದ್ದುದು, ನಾಲ್ಕೈದು ತಿಂಗಳು ಕಳೆಯುವುದರೊಳಗೆ ಇಲಿಯ ಬಾಲದಂತಾಗುತ್ತದೆ. ಬಚ್ಚಲಿನ ಜಾಲರಿಯಲ್ಲಿ ದಿನವೂ ಕೂದಲಿನ ಉಂಡೆ. ದೂರವಾಣಿಯಲ್ಲಿ ಸುದ್ದಿ ಕೇಳಿದ ಧಾರವಾಡದ ತಾಯಿ, "ಆ ಊರ ನೀರ ನಿನಗ ಆಗಿ ಬರಂಗಿಲ್ಲವಾ" ಎಂದು ತೀರ್ಪು ಕೊಟ್ಟುಬಿಡುತ್ತಾಳೆ. ಅಲ್ಲಿಂದ ಮುಂದೆ ಜಾಹೀರಾತಿನ ಎಣ್ಣೆಗಳ ಸರದಿ. ಒಂದು ಬಾಟಲಿ ಮುಗಿಯುವ ಮುನ್ನವೇ ಮತ್ತೊಂದು. ಕೊನೆಗೆ ಬೇಸತ್ತು, ಕಣ್ಣೀರಿನೊಡನೆ, ಕತ್ತರಿ. ನೀರನ್ನು ಅಪರಾಧಿಯೆಂದು ಸಾರುವ ಮೊದಲು ಕೂದಲಿನ ಲೆಕ್ಕಪುಸ್ತಕವನ್ನು ಒಮ್ಮೆ ತೆರೆದು ನೋಡುವುದು ನ್ಯಾಯ.

ಕೂದಲಿನಲ್ಲಿ ಜೀವವಿರುವುದು ಬುಡದಲ್ಲಿ ಮಾತ್ರ. ನೆತ್ತಿಯ ಚರ್ಮದೊಳಗೆ ಹುದುಗಿರುವ ರೋಮಕೂಪದಲ್ಲಿ ಕೆರಾಟಿನ್ ಎಂಬ ಪ್ರೋಟೀನಿನಿಂದ ಅದು ಸಿದ್ಧವಾಗುತ್ತದೆ. ಚರ್ಮದ ಹೊರಗೆ ಬಂದ ಎಳೆ ಉಗುರಿನಂತೆ ನಿರ್ಜೀವ ವಸ್ತು. ಒಬ್ಬರ ತಲೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಕೂದಲುಗಳಿರುತ್ತವೆ; ಬೆಳೆಯುವ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ನೀಳವಾಗುತ್ತದೆ. ಎಲ್ಲವನ್ನೂ ಕೂಡಿಸಿದರೆ ಒಂದು ತಲೆ ತಿಂಗಳೊಂದಕ್ಕೆ ಒಂದು ಕಿಲೋಮೀಟರಿಗೆ ಸಮೀಪದಷ್ಟು ಕೂದಲನ್ನು ನೇಯುತ್ತದೆಂದಾಯಿತು. ಸದ್ದುಗದ್ದಲವಿಲ್ಲದ ಇಂಥ ಜಮೆ ಯಾವ ಸಂಬಳದಾರನ ಖಾತೆಗೂ ಬೀಳುವುದಿಲ್ಲ.

ಆದರೆ ಯಾವ ಕೂದಲೂ ಶಾಶ್ವತವಲ್ಲ. ಪ್ರತಿಯೊಂದೂ ಎರಡರಿಂದ ಆರು ವರ್ಷ ಬೆಳೆದು, ಕೆಲವು ವಾರಗಳಲ್ಲಿ ಬೆಳವಣಿಗೆಯನ್ನು ನಿಲ್ಲಿಸಿ, ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು, ಬಳಿಕ ಉದುರುತ್ತದೆ. ಅದೇ ಕೂಪದಿಂದ ಹೊಸದು ಹುಟ್ಟುತ್ತದೆ. ಆದ್ದರಿಂದ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ವಾರಕ್ಕೆ ಒಮ್ಮೆಯೋ ಎರಡು ಬಾರಿಯೋ ಎರೆದುಕೊಳ್ಳುವವರಿಗೆ ನಾಲ್ಕಾರು ದಿನಗಳ ಬಾಕಿಯೆಲ್ಲ ಅಂದೇ ಬಚ್ಚಲಿನಲ್ಲಿ ಕಾಣುವುದರಿಂದ ಗಾಬರಿ ಹೆಚ್ಚು. ಬೆಳೆಯುವ ಅವಧಿ ಮೂರು ವರ್ಷವಾದರೆ ಕೂದಲಿನ ಉದ್ದ ಮೂವತ್ತಾರು ಸೆಂಟಿಮೀಟರಿನಲ್ಲಿ ನಿಲ್ಲುತ್ತದೆ. ಆರು ವರ್ಷವಾದರೆ ಎಪ್ಪತ್ತೆರಡು. ಈ ಅವಧಿ ಬಹುಮಟ್ಟಿಗೆ ವಂಶಪಾರಂಪರ್ಯವಾಗಿ ಬಂದುದು, ಯಾವ ತೈಲಕ್ಕೂ ಬಗ್ಗುವಂಥದಲ್ಲ. ಅಕ್ಕನ ಜಡೆ ಸೊಂಟ ಮುಟ್ಟಿ, ತಂಗಿಯದು ಬೆನ್ನಿನ ನಡುವೆ ನಿಂತರೆ ಅದು ತಂಗಿಯ ಆಲಸ್ಯದ ಫಲವಲ್ಲ.

ಈಗ ಹೊಸ ಸೊಸೆಯ ಸಂಗತಿ. ದೇಹಕ್ಕೋ ಮನಸ್ಸಿಗೋ ದೊಡ್ಡ ಆಘಾತವಾದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಮ್ಮೆಲೇ ವಿಶ್ರಾಂತಿಗೆ ತೆರಳುತ್ತವೆ. ಆದರೆ ಅವು ಉದುರುವುದು ಅಂದಲ್ಲ. ಎರಡು ಮೂರು ತಿಂಗಳ ತರುವಾಯ. ಟೈಫಾಯಿಡ್, ಡೆಂಗೆ, ಕೋವಿಡ್‌ನಂಥ ಜ್ವರಗಳು, ಹೆರಿಗೆ, ಶಸ್ತ್ರಚಿಕಿತ್ಸೆ, ತೂಕ ಇಳಿಸಲೆಂದು ಮಾಡಿದ ಅರೆಹೊಟ್ಟೆಯ ವ್ರತ, ತೀವ್ರವಾದ ದುಃಖ—ಇವೆಲ್ಲ ಈ ಪಟ್ಟಿಗೆ ಸೇರತಕ್ಕವು. ಇಂದು ಪಡೆದ ಪೆಟ್ಟಿನ ಹುಂಡಿ ಮೂರು ತಿಂಗಳ ನಂತರ ಪಾವತಿಗೆ ಬರುತ್ತದೆನ್ನಬಹುದು. ಆದುದರಿಂದ ಕೂದಲು ವಿಪರೀತ ಉದುರತೊಡಗಿದಾಗ ಬಾಟಲಿಯ ಕಡೆಗಲ್ಲ, ಕ್ಯಾಲೆಂಡರಿನ ಕಡೆ ನೋಡಬೇಕು. ಮದುವೆಯ ದಣಿವು, ತವರನ್ನಗಲಿದ ಕೊರಗು, ನಸುಕಿನಲ್ಲೆದ್ದು ಡಬ್ಬಿ ಕಟ್ಟಿ ಲೋಕಲ್ ಗಾಡಿ ಹಿಡಿಯುವ ಧಾವಂತ, ನಿದ್ರೆಯ ಕೊರತೆ, ಬೆಳಗಿನ ತಿಂಡಿಗೆ ಬಿಡುವಿಲ್ಲದ ದಿನಚರಿ—ಇಷ್ಟೂ ಒಟ್ಟಿಗೆ ಬಂದ ಮೇಲೆ ನೀರೊಂದನ್ನೇ ದೂರುವುದು ಸರಿಯಲ್ಲ. ಕಾರಣ ನಿವಾರಣೆಯಾದರೆ ಈ ಬಗೆಯ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ತಗ್ಗುತ್ತದೆ. ಆ ಅವಧಿಯಲ್ಲಿ ಹಚ್ಚಿದ ಎಣ್ಣೆಗೆ ಅನಾಯಾಸವಾಗಿ ಕೀರ್ತಿ ದೊರೆಯುತ್ತದೆ!

ನೀರಿನದು ದೋಷವೇ ಇಲ್ಲವೆಂದಲ್ಲ. ಹೈದರಾಬಾದ್, ಚೆನ್ನೈ, ದಿಲ್ಲಿಗಳ ಅನೇಕ ಬಡಾವಣೆಗಳಲ್ಲಿ ಕೊಳವೆಬಾವಿಯ ಇಲ್ಲವೆ ಟ್ಯಾಂಕರಿನ ಗಡಸು ನೀರೇ ಗತಿ. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಕೂದಲಿನ ಮೇಲೆ ಅಂಟಾದ ಕಿಟ್ಟದಂತೆ ಕೂರುವುದರಿಂದ ಎಳೆ ಒರಟಾಗಿ ಸಿಕ್ಕು ಬೀಳುತ್ತದೆ. ಎಂದರೆ ಗಡಸು ನೀರು ಮುಖ್ಯವಾಗಿ ಕಾಡುವುದು ಎಳೆಯನ್ನೇ ಹೊರತು ಬುಡವನ್ನಲ್ಲ. ಇಂಥ ಊರುಗಳಲ್ಲಿ ಮೈಗೆ ಹಚ್ಚುವ ಸಾಬೂನನ್ನು ತಲೆಗೆ ಬಳಸಲೇಬಾರದು. ಶ್ಯಾಂಪೂವಾಗಲಿ, ಸೀಗೆಕಾಯಿ–ಅಂಟುವಾಳಗಳಾಗಲಿ ಇಂಥ ಕಿಟ್ಟವನ್ನುಂಟುಮಾಡುವುದಿಲ್ಲ. ಕೊನೆಯಲ್ಲಿ ಸುರಿದುಕೊಳ್ಳಲು ಒಂದು ತಂಬಿಗೆ ಕುಡಿಯುವ ನೀರನ್ನು ತೆಗೆದಿರಿಸಿದರೂ ಆದೀತು. ಮುಂಬಯಿಯಲ್ಲಿ ತಾನಸಾ, ವೈತರಣಾ, ಭಾತಸಾ ಮುಂತಾದ ಜಲಾಶಯಗಳಲ್ಲಿ ಶೇಖರಿಸಿದ ಮಳೆನೀರೇ ನಲ್ಲಿಗೆ ಬರುವುದರಿಂದ ಅಲ್ಲಿಯವರಿಗೆ ಗಡಸು ನೀರಿನ ಈ ನೆಪವೂ ಸಲ್ಲದು.

ನೆಪದ ಹಿಂದೆ ಅಡಗಿರುವ ನಿಜವಾದ ಶತ್ರು ಅನೇಕ ವೇಳೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಭಾರತೀಯ ಮಹಿಳೆಯರ ಪೈಕಿ ಶೇಕಡಾ 57ರಷ್ಟು ಮಂದಿಯಲ್ಲಿ ಅದು ಕಂಡುಬಂದಿತು. ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಾದಾಗ ಕೂದಲು ಉದುರುವುದುಂಟು. ಮೆಟ್ಟಿಲೇರಿದರೆ ಏದುಸಿರು, ಸದಾ ಆಯಾಸ, ಮಾಸಿದ ಮುಖಕಾಂತಿ ಇವು ಅದರ ಸಂಗಾತಿಗಳು. ಮನೆಮಂದಿಗೆಲ್ಲ ಬಡಿಸಿ ಉಳಿದುದನ್ನು ಉಣ್ಣುವ ಗೃಹಿಣಿ ಕೂದಲಿನ ಎಣ್ಣೆಗೆ ತೆರುವ ಹಣವನ್ನು ಹುರುಳಿ, ಹೆಸರುಕಾಳು, ಸೊಪ್ಪು, ಮೊಟ್ಟೆ, ಮೀನು—ರೂಢಿಯಲ್ಲಿರುವುದಕ್ಕೆ—ವಿನಿಯೋಗಿಸುವುದು ಲಾಭಕರ. ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಹೆಚ್ಚಾಗಿ ಮೈಗೂಡುತ್ತದೆ. ಊಟವಾದ ಕೂಡಲೇ ಕಾಫಿ–ಚಹಾ ಕುಡಿದರೆ ತಡೆಯುಂಟಾಗುತ್ತದೆ.

ಇದುವರೆಗಿನದು ಜಮೆಯ ಮಾತಾಯಿತು. ನೀಳಕೇಶವನ್ನು ಬಯಸುವ ಹೊಸಬರು ಎಡವುವುದು ಹೆಚ್ಚಾಗಿ ಖರ್ಚಿನಲ್ಲಿ. ಬುಡದಲ್ಲಿ ತಿಂಗಳಿಗೊಂದು ಸೆಂಟಿಮೀಟರ್ ಸೇರುತ್ತಿದ್ದರೂ ತುದಿಯಲ್ಲಿ ಅಷ್ಟೇ ತುಂಡಾಗುತ್ತಿದ್ದರೆ ಜಡೆ ಬೆಳೆಯುತ್ತಿಲ್ಲವೆಂದೇ ತೋರುತ್ತದೆ. ಉದುರಿದ ಕೂದಲಿನ ಒಂದು ತುದಿಯಲ್ಲಿ ಬಿಳಿಯ ಸಣ್ಣ ಗುಬುಟಿದ್ದರೆ ಅದು ಬುಡದಿಂದ ಬಂದುದು; ಇಲ್ಲದೆ ಗಿಡ್ಡವಾಗಿದ್ದರೆ ನಡುವೆ ತುಂಡಾದುದು. ಸೊಂಟದವರೆಗಿನ ಜಡೆಯ ತುದಿ ಐದಾರು ವರ್ಷಗಳ ಹಿಂದಿನದೆಂಬುದನ್ನು ನೆನೆದರೆ ಅದನ್ನು ಅಜ್ಜಿಯ ಇಳಕಲ್ ಸೀರೆಯಷ್ಟೇ ಹಗುರ ಕೈಯಿಂದ ಮುಟ್ಟಬೇಕೆಂಬುದು ತಿಳಿಯುತ್ತದೆ. ಹಸಿಗೂದಲು ಬಲಹೀನ, ಒದ್ದೆ ತಲೆಯನ್ನು ಗಾಡಿಯ ಅವಸರದಲ್ಲಿ ಸಣ್ಣ ಹಲ್ಲಿನ ಬಾಚಣಿಗೆಯಿಂದ ನೆತ್ತಿಯಿಂದ ಕೆಳಕ್ಕೆ ಎಳೆಯುವುದಕ್ಕಿಂತ ದೊಡ್ಡ ದುಂದು ಮತ್ತೊಂದಿಲ್ಲ. ಹಳೆಯ ಹತ್ತಿಯ ಪಂಚೆಯಿಂದ ನೀರನ್ನು ಒತ್ತಿ ತೆಗೆದು, ಮುಕ್ಕಾಲು ಆರಿದ ಮೇಲೆ, ಅಗಲ ಹಲ್ಲಿನ ಬಾಚಣಿಗೆಯಿಂದ ಮೊದಲು ತುದಿಯ ಸಿಕ್ಕು, ಆಮೇಲೆ ನಡುವಿನದು, ಕೊನೆಗೆ ಬುಡದ್ದು ಎಂಬ ಕ್ರಮದಲ್ಲಿ ಬಿಡಿಸಬೇಕು. ಇದೊಂದು ಅಭ್ಯಾಸ ಕೈಗೂಡಿದರೆ ಉಳಿದವು ಸುಲಭ.

ಎಣ್ಣೆಯನ್ನು ತಳ್ಳಿಹಾಕುವಂತಿಲ್ಲ, ಅದರ ಕೆಲಸವೇ ಬೇರೆ. ಕೊಬ್ಬರಿ ಎಣ್ಣೆ ಎಳೆಯೊಳಕ್ಕೆ ಇಳಿದು, ತೊಳೆಯುವಾಗ ಅದು ನೀರನ್ನು ಅತಿಯಾಗಿ ಹೀರಿ ಉಬ್ಬದಂತೆ ಕಾಯುತ್ತದೆ. ಮುಂಬಯಿಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಬ್ಬರಿ, ಸೂರ್ಯಕಾಂತಿ ಹಾಗೂ ಖನಿಜ ತೈಲಗಳ ಪೈಕಿ ಪ್ರೋಟೀನ್ ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅವರು ಕೊಬ್ಬರಿ ಎಣ್ಣೆ ತಯಾರಿಸುವ ಸಂಸ್ಥೆಗೆ ಸೇರಿದವರೆಂಬುದನ್ನೂ ಹೇಳುವುದು ಪ್ರಾಮಾಣಿಕತೆ. ಎರೆದುಕೊಳ್ಳುವ ಒಂದೆರಡು ಗಂಟೆ ಮುಂಚೆ ತುದಿಯವರೆಗೂ ಸವರಿದರೆ ಸಾಕು. ಹೊಟ್ಟಿನ ಬಾಧೆಯುಳ್ಳವರು ಮಾತ್ರ ನೆತ್ತಿಗೆ ಎಣ್ಣೆ ಸುರಿದು ದಿನಗಟ್ಟಲೆ ಬಿಡಬಾರದು. ಹೊಟ್ಟಿಗೆ ಕಾರಣವಾಗುವ ಸೂಕ್ಷ್ಮ ಶಿಲೀಂಧ್ರ ಜಿಡ್ಡನ್ನೇ ಉಂಡು ಬೆಳೆಯುತ್ತದೆ. ಕರಾವಳಿ ನಗರಗಳ ಬೆವರಿಗೆ ವಾರಕ್ಕೆರಡು ಸಲ, ಬೇಕೆನಿಸಿದರೆ ಮೂರು ಸಲ ತಲೆ ತೊಳೆಯುವುದು ತಪ್ಪಲ್ಲ. ಶ್ಯಾಂಪೂ ನೆತ್ತಿಗೆ ಮೀಸಲು. ಎಳೆಗೆ ಇಳಿದುಬರುವ ನೊರೆಯೇ ಸಾಕು. ಅಂದ ಹಾಗೆ, ಪರದೇಶದ್ದೆಂದು ತಿಳಿಯಲಾಗುವ ಶ್ಯಾಂಪೂ ಎಂಬ ಮಾತು ಹಿಂದಿಯ 'ಚಾಂಪೋ'ದಿಂದ, ಎಂದರೆ ತಲೆ ಒತ್ತುವ ಕ್ರಿಯೆಯಿಂದ ಹುಟ್ಟಿದ್ದು.

ಬಿಗಿಯಾದ ತುರುಬನ್ನು ವರ್ಷಗಟ್ಟಲೆ ಕಟ್ಟುವವರ ಹಣೆಯಂಚಿನ ಕೂದಲು ಕಾಯಮ್ಮಾಗಿ ಹಿಂದೆ ಸರಿಯುವುದುಂಟು; ಸಡಿಲವಾದ ಜಡೆ ಲೇಸು. ತುದಿ ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆಂಬುದೂ, ಬೋಳಿಸಿದರೆ ದಟ್ಟವಾಗುತ್ತದೆಂಬುದೂ ನಿರಾಧಾರ. ಆದರೆ ಸೀಳಿದ ತುದಿ ಮೇಲಕ್ಕೆ ಹರಿಯದಂತೆ ಮೂರು ನಾಲ್ಕು ತಿಂಗಳಿಗೊಮ್ಮೆ ಅರ್ಧ ಅಂಗುಲ ತೆಗೆಸುವುದು ಒಳಿತು. 'ಕರಿ ಮೆಹಂದಿ'ಯ ಪೊಟ್ಟಣಗಳಲ್ಲಿ ಅನೇಕವು ಪಿ.ಪಿ.ಡಿ. ಎಂಬ ರಾಸಾಯನಿಕವನ್ನು ಬೆರೆಸಿದವು; ಕೆಲವರಿಗೆ ಅದರಿಂದ ಮುಖವೂ ನೆತ್ತಿಯೂ ಊದಿಕೊಳ್ಳುತ್ತವೆ.

ಉದುರುವಿಕೆ ಆರು ತಿಂಗಳು ಮೀರಿದರೆ, ಬೈತಲೆ ಅಗಲವಾಗುತ್ತ ಹೋದರೆ, ನಾಣ್ಯದಾಕಾರದ ಬೋಳು ಕಾಣಿಸಿಕೊಂಡರೆ, ಮುಟ್ಟು ಏರುಪೇರಾದರೆ ಚರ್ಮವೈದ್ಯರಲ್ಲಿಗೆ ಹೋಗತಕ್ಕದ್ದು. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯಿಡ್ ಇವುಗಳ ರಕ್ತಪರೀಕ್ಷೆಯಿಂದ ಬಹಳಷ್ಟು ಸಂಗತಿ ಹೊರಬೀಳುತ್ತದೆ. ಬಯೋಟಿನ್ ಗುಳಿಗೆ ನುಂಗುತ್ತಿರುವವರು ಅದನ್ನು ಮುಂಚಿತವಾಗಿ ತಿಳಿಸಬೇಕು. ಥೈರಾಯಿಡ್ ಪರೀಕ್ಷೆಯ ಅಂಕಿಗಳನ್ನು ಅದು ತಪ್ಪಾಗಿ ತೋರಿಸಬಲ್ಲದು.

ಬಾಣಂತಿಯರಿಗೆ ಇನ್ನೊಂದು ಮಾತು. ಬಸಿರಿನ ಕಾಲದಲ್ಲಿ ಉದುರದೆ ಉಳಿದ ಕೂದಲೆಲ್ಲ ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಒಟ್ಟಾಗಿ ಬೀಳುತ್ತದೆ. ಕೂಸು ನಗಲು ಕಲಿತಾಗ ಕೂದಲು ಉದುರಿತೆಂದು ಅದರ ಮೇಲೆ ಹೊರಿಸುವ ಹಳೆಯ ಮಾತಿಗೆ ಇದೇ ಮೂಲವಿದ್ದೀತು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಹಣೆಯಂಚಿನಲ್ಲಿ ಬೆರಳುದ್ದದ ಕೂದಲುಗಳು ನೆಟ್ಟಗೆ ನಿಂತು, ಎಷ್ಟು ನೀವಿದರೂ ಮಲಗದೆ ಕಾಡುತ್ತವೆ. ಅವು ತುಂಡಾದ ಕೂದಲಲ್ಲ, ಹೊಸದಾಗಿ ಹುಟ್ಟಿದವು. ಎಣ್ಣೆ ಹಚ್ಚಿ ಅದುಮಿ ಕಟ್ಟದೆ ಹಾಗೆಯೇ ಬಿಡಬಹುದು.