ಸೂಜಿಯಲ್ಲಿ ಕ್ಯಾನ್ಸರ್ ಮಾಯ ಆಗುತ್ತಾ?

ತಪ್ಪು ನಮ್ಮದೇ. ಅವತ್ತು ಸಂಜೆ ನಮ್ಮ ಸ್ಕ್ರೋಲ್‌ನಲ್ಲಿ ಓಡಿದ್ದು: ‘ಆಪರೇಷನ್ ಬೇಡ, ಸೂಜಿಯಲ್ಲೇ ಕ್ಯಾನ್ಸರ್ ಮಾಯ!’ ಅರ್ಧ ಗಂಟೆಯಲ್ಲಿ ಒಬ್ಬ ಹುಡುಗನ ಫೋನ್. “ಸರ್, ನಮ್ಮಪ್ಪಂಗೆ ಲಿವರ್ ಕ್ಯಾನ್ಸರ್. ಗಡ್ಡೆ ಏಳು ಸೆಂಟಿಮೀಟರ್ ಅಂತೆ. ಆಪರೇಷನ್ ಬೇಡ ಅಂತಿದ್ದಾರೆ, ಸೂಜಿನೇ ಹಾಕಿಸ್ತೀವಿ. ಎಲ್ಲಿಗೆ ಹೋಗ್ಬೇಕು?” ನಾನು ತಡವರಿಸಿದೆ. ಉತ್ತರ ಇವತ್ತು ಹೇಳ್ತೀನಿ.

ಇದರ ಹೆಸರು ರೇಡಿಯೋಫ್ರೀಕ್ವೆನ್ಸಿ ಅಬ್ಲೇಷನ್. ಹೆಸರಲ್ಲಿ ರೇಡಿಯೋ ಇದ್ದರೂ ಇದು ರೇಡಿಯೇಷನ್ ಅಲ್ಲ, ಕರೆಂಟಿನ ಕೆಲಸ. ಅಲ್ಟ್ರಾಸೌಂಡ್ ಅಥವಾ ಸಿ.ಟಿ. ನೋಡುತ್ತಾ ವೈದ್ಯರು ಚರ್ಮದ ಮೂಲಕ ಸೂಜಿಯನ್ನು ಗಡ್ಡೆಯೊಳಗೆ ಇಳಿಸುತ್ತಾರೆ. ತೊಡೆಗೆ ಅಂಟಿಸಿದ ಪ್ಯಾಡ್‌ಗಳು ಸರ್ಕ್ಯೂಟ್ ಪೂರ್ತಿ ಮಾಡುತ್ತವೆ. ಕರೆಂಟು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುತ್ತದೆ. ಅದರ ಜೊತೆ ಅಂಗಾಂಶದಲ್ಲಿರುವ ಅಯಾನುಗಳೂ ಅತ್ತಿತ್ತ ಓಡಾಡುತ್ತವೆ. ಆ ತಿಕ್ಕಾಟದಿಂದಲೇ ಶಾಖ. 50 ಡಿಗ್ರಿಯಲ್ಲಿ ಜೀವಕೋಶ ಸಾಯಲು ಕೆಲವು ನಿಮಿಷ ಬೇಕು. 60 ದಾಟಿದರೆ ಕ್ಷಣದಲ್ಲೇ ಸಾಯುತ್ತದೆ.

ಹಾಗಾದರೆ ಶಾಖ ಹೆಚ್ಚಿಸಿ ದೊಡ್ಡ ಗಡ್ಡೆಯನ್ನೂ ಸುಡಬಹುದಲ್ವಾ? ಆಗೋದಿಲ್ಲ. ಹಂಚು ಅತಿಯಾಗಿ ಕಾದರೆ ರೊಟ್ಟಿ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತೆ. ಇಲ್ಲೂ ಹಾಗೇ. 100 ಡಿಗ್ರಿ ದಾಟಿದರೆ ಸೂಜಿಯ ಸುತ್ತ ಕರಕಲಾಗಿ, ಕರೆಂಟು ಮುಂದಕ್ಕೆ ಹರಿಯೋದೇ ಕಷ್ಟ. ಗಡ್ಡೆಯ ಸುತ್ತ ಅರ್ಧದಿಂದ ಒಂದು ಸೆಂಟಿಮೀಟರ್ ಒಳ್ಳೆಯ ಅಂಗಾಂಶವೂ ಸುಡಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಕ್ಯಾನ್ಸರ್ ಉಳಿದೀತು. ಪಕ್ಕದಲ್ಲಿ ದೊಡ್ಡ ರಕ್ತನಾಳ ಇದ್ದರೆ ಹರಿಯುವ ರಕ್ತವೇ ಶಾಖವನ್ನು ಹೊತ್ತೊಯ್ಯುತ್ತದೆ. ಕರುಳು, ಪಿತ್ತನಾಳ ಹತ್ತಿರವಿದ್ದರೆ ಅವಕ್ಕೇ ಬೆಂಕಿ.

ಆದ್ದರಿಂದಲೇ ಸಾಮಾನ್ಯವಾಗಿ 3 ಸೆಂಟಿಮೀಟರ್ ಒಳಗಿನ ಗಡ್ಡೆಗೆ ಈ ಸೂಜಿ ಸರಿ. ಲಿವರ್‌ನಲ್ಲೇ ಹುಟ್ಟಿದ, 2 ಸೆಂಟಿಮೀಟರ್ ದಾಟದ ಒಂದೇ ಗಡ್ಡೆ ಇದ್ದರೆ ಫಲಿತಾಂಶ ಆಪರೇಷನ್‌ಗೆ ಹತ್ತಿರ ಬರುತ್ತದೆ. ಸುಮಾರು ಒಂದು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಲೇಬೇಕು, ಏನಾದರೂ ಉಳಿದಿದೆಯಾ ಅಂತ.

ಮರುದಿನ ಆ ಹುಡುಗನಿಗೆ ನಾನೇ ಫೋನ್ ಮಾಡಿದೆ. ‘ಏಳು ಸೆಂಟಿಮೀಟರಿಗೆ ಈ ಸೂಜಿಯೊಂದೇ ಸಾಲದಪ್ಪ. ಆಪರೇಷನ್, ರಕ್ತನಾಳದ ಮೂಲಕ ಗಡ್ಡೆಗೇ ಕೊಡುವ ಔಷಧ, ಇನ್ನೂ ದಾರಿಗಳಿವೆ. ಡಾಕ್ಟರ್ ಹೇಳಿದ್ದನ್ನ ಸೂಜಿ ಆಸೆಗೆ ಮುಂದಕ್ಕೆ ಹಾಕಬೇಡಿ’ ಅಂದೆ. ಅವನು ಸುಮ್ಮನಿದ್ದ. ಆಮೇಲೆ ಕೇಳಿದ: “ಚಿಕ್ಕದಿದ್ದಾಗಲೇ ಗೊತ್ತಾಗ್ತಿತ್ತಾ ಸರ್?”

ಹಲವರಿಗೆ ಗೊತ್ತಾಗುತ್ತೆ. ಲಿವರ್ ಸಿರೋಸಿಸ್ ಇರುವವರು, ಹೆಪಟೈಟಿಸ್-ಬಿ ಇದ್ದು ವೈದ್ಯರು ಎಚ್ಚರಿಸಿದವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಕು. ಅವತ್ತು ನಮ್ಮ ಸ್ಕ್ರೋಲ್‌ನಲ್ಲಿ ಓಡಬೇಕಾಗಿದ್ದ ಸಾಲು ಇದು.